ಎರಡು ಅಡ್ಡಗೀಟು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಬ್ಯಾಡರಹಳ್ಳಿಯ ಆ ಮನೆಯ ಬಾಗಿಲು ನೀಲಿ ಬಣ್ಣದ್ದೆಂದು ನನ್ನ ನೆನಪು. ಆದರೆ ಆಗಿನ ಡೈರಿಯಲ್ಲಿ ‘ಹಸಿರು ಬಾಗಿಲು, ಬಲಕ್ಕೆ ನೀರಿನ ಡ್ರಮ್ಮು’ ಎಂದು ನನ್ನದೇ ಅಕ್ಷರದಲ್ಲಿದೆ. ಬಾಗಿಲಿನ ಬಣ್ಣದ ವಿಷಯದಲ್ಲೇ ಹೀಗಾದರೆ ಆಡಿದ ಮಾತುಗಳ ವಿಷಯದಲ್ಲಿ ನನ್ನನ್ನು ನಾನು ಎಷ್ಟು ನಂಬಬಹುದು ಎಂಬ ಅನುಮಾನ ಇದ್ದೇ ಇದೆ. ಬರೆಯಲು ಕೂತಾಗ ನನ್ನ ಮುಂದಿದ್ದದ್ದು ಎರಡು: ಆ ವರ್ಷದ ಡೈರಿ, ಮತ್ತು ಕ್ಯಾಸೆಟ್ಟುಗಳನ್ನು ಕೇಳಿ ನಾನೇ ಬರೆದಿಳಿಸಿದ ಒಂದು ನೋಟುಬುಕ್ಕು. ಇವುಗಳಿಗೂ ನೆನಪಿಗೂ ಜಗಳವಾದ ಕಡೆ ನೋಟುಬುಕ್ಕಿನ ಪಕ್ಷ ವಹಿಸಿದ್ದೇನೆ.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಜ್ಞಾನಭಾರತಿಯಲ್ಲಿ ಎಂ.ಎ. ಮುಗಿಸಿ, ವಿಜಯನಗರದ ಒಂದು ಬಾಡಿಗೆ ಮನೆಯ ಮಹಡಿಯಲ್ಲಿದ್ದ ಸಣ್ಣ ಅಧ್ಯಯನ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದ್ದೆ. ಹೆಣ್ಣು ಕೊಟ್ಟು ಹೆಣ್ಣು ತರುವ ಪದ್ಧತಿ ಬೇರೆ ಬೇರೆ ಸಮಾಜಗಳಲ್ಲಿ ಹೇಗಿದೆ ಎಂಬುದು ಅಲ್ಲಿನ ಕೆಲಸ. ಒಂದು ಮನೆಯ ಅಣ್ಣ ತಂಗಿಗೂ ಇನ್ನೊಂದು ಮನೆಯ ಅಣ್ಣ ತಂಗಿಗೂ ಅದಲು ಬದಲಾಗಿ ಮದುವೆ. ಕೇಂದ್ರ ನಡೆಸುತ್ತಿದ್ದವರು ನಿವೃತ್ತ ಅಧ್ಯಾಪಕಿ. ಅವರನ್ನು ಮೇಡಂ ಎಂದೇ ಕರೆಯುತ್ತೇನೆ.

ಮೊದಲ ಎರಡು ತಿಂಗಳು ಓದುವುದು ಮತ್ತು ಕಾರ್ಡು ಬರೆಯುವುದು. ರಾಜಸ್ಥಾನದ ಆಟಾ ಸಾಟಾ, ಗಡಿಯಾಚೆಯ ವಟ್ಟಾ ಸಟ್ಟಾ, ತುರ್ಕಿಯ ಪೂರ್ವ ಭಾಗದ ಬೆರ್ದೆಲ್, ಇನ್ನೂ ಎರಡು ಕಡೆಯವು. ಪ್ರತಿ ಕಾರ್ಡಿನಲ್ಲೂ ಅವೇ ಪ್ರಶ್ನೆಗಳು: ಯಾರು ಯಾರನ್ನು ಕೊಡುತ್ತಾರೆ, ಎರಡೂ ಮದುವೆ ಒಂದೇ ದಿನವೇ, ಒಂದು ಮುರಿದರೆ ಇನ್ನೊಂದರ ಗತಿಯೇನು. ಕೊನೆಯ ಪ್ರಶ್ನೆಗೆ ಎಲ್ಲ ಕಡೆಯೂ ಹತ್ತಿರ ಹತ್ತಿರ ಒಂದೇ ಉತ್ತರ. ಒಂದು ಮನೆಯ ಮಗಳು ಗಂಡನನ್ನು ಬಿಟ್ಟು ತವರಿಗೆ ಬಂದರೆ, ಆ ಮನೆಯವರು ತಮ್ಮ ಸೊಸೆಯನ್ನೂ ಅವಳ ತವರಿಗೆ ಕಳಿಸಿಬಿಡುತ್ತಾರೆ. ಐದನೆಯ ಕಾರ್ಡಿಗೆ ಬರುವ ಹೊತ್ತಿಗೆ ನನಗೆ ಬೇಸರ ಬಂದು ‘ಮೇಲಿನಂತೆ’ ಎಂದು ಬರೆದು ಮುಗಿಸಿದೆ.

ಆಮೇಲೆ ವಂಶಾವಳಿಯ ಚಾರ್ಟು ಹಾಕುವ ಅಭ್ಯಾಸ. ಗಂಡಿಗೆ ತ್ರಿಕೋನ, ಹೆಣ್ಣಿಗೆ ಸೊನ್ನೆ, ಮದುವೆಗೆ ಗಣಿತದ ಸಮ ಚಿಹ್ನೆ. ತೀರಿಕೊಂಡವರ ಮೇಲೆ ಓರೆಯಾಗಿ ಒಂದು ಗೀಟು. ಗಂಡ ಹೆಂಡತಿ ಬಿಟ್ಟು ಬೇರಾಗಿದ್ದರೆ ಸಮ ಚಿಹ್ನೆಯ ಮೇಲೆ ಅಡ್ಡಲಾಗಿ ಎರಡು ಗೀಟು. ಪಕ್ಕದ ಅಂಕಣದಲ್ಲಿ ಯಾರು ಯಾವ ಕಾಲದಲ್ಲಿ ಎಲ್ಲಿ ವಾಸವಿದ್ದರು ಎಂಬ ವಿವರ. ಮೇಡಂ ಎರಡು ನಿಯಮ ಹೇಳಿದ್ದರು. ಹಾಕಿದ ಚಾರ್ಟನ್ನು ಆ ಮನೆಯವರ ಮುಂದೆಯೇ ಹಿಡಿದು ಓದಿ ತಪ್ಪು ತಿದ್ದಿಸಿಕೊಳ್ಳಬೇಕು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯಬಾರದು. ಈ ಎರಡು ನಿಯಮ ಒಂದಕ್ಕೊಂದು ತಾಗುತ್ತವೆ ಎಂದು ಆಗ ನನಗೆ ಹೊಳೆದಿರಲಿಲ್ಲ.

ಅಭ್ಯಾಸಕ್ಕೆ ನಮ್ಮ ನಮ್ಮ ಮನೆಯ ಚಾರ್ಟನ್ನೇ ಹಾಕಬೇಕಿತ್ತು. ನಾನು ಅಮ್ಮನನ್ನು ಕೂರಿಸಿಕೊಂಡು ಅರ್ಧ ದಿನದಲ್ಲಿ ಮುಗಿಸಿದೆ. ನನ್ನ ಅಪ್ಪನ ತಂಗಿಯನ್ನು ಅಮ್ಮನ ಅಣ್ಣನಿಗೆ ಕೊಟ್ಟಿದ್ದಾರೆ. ಅಂದರೆ ಬಸವೇಶ್ವರನಗರದ ಅತ್ತೆ ಎರಡು ದಾರಿಯಿಂದಲೂ ನನಗೆ ಅತ್ತೆಯೇ. ಮೇಡಂ ಹಾಳೆ ನೋಡಿದವರೇ ನಕ್ಕರು. “ದೇಶ ದೇಶ ಹುಡುಕ್ತಾ ಇದೀವಿ, ನಿಮ್ಮನೇಲೇ ಕೊಟ್ಟು ತಂದಿದಾರಲ್ಲೇ!” ನನಗದು ಪದ್ಧತಿ ಎಂದು ಅನಿಸಿಯೇ ಇರಲಿಲ್ಲ. ನಾನು ಆರೇಳು ತಿಂಗಳ ಮಗುವಾಗಿದ್ದಾಗ ಅಮ್ಮ ಕಾಮಾಲೆಯಾಗಿ ನಾಲ್ಕು ತಿಂಗಳು ತವರಿನಲ್ಲಿದ್ದಳು. ಆಗ ನನ್ನನ್ನು ಎತ್ತಿ ಆಡಿಸಿದ್ದು ಅತ್ತೆ. ಇದು ನಮ್ಮ ಮನೆಯಲ್ಲಿ ಎಷ್ಟೋ ಸಲ ಕೇಳಿದ ಕಥೆ. ಅದನ್ನೂ ವಾಸದ ಅಂಕಣದಲ್ಲಿ ಬರೆದು ಹಾಳೆಯನ್ನು ಫೈಲಿಗೆ ಹಾಕಿದೆ.

ಬ್ಯಾಡರಹಳ್ಳಿಯ ಮನೆ ಸಿಕ್ಕಿದ್ದು ಜೋಳದ ರೊಟ್ಟಿಯಿಂದ. ಬಾಗಲಕೋಟೆ ಕಡೆಯಿಂದ ಬಂದ ಆ ಮನೆಯವರು ಮುಂದಿನ ಕೋಣೆಯಲ್ಲಿ ರೊಟ್ಟಿ ಬಡಿದು, ಕಟ್ಟಡ ಕೆಲಸದವರಿಗೂ ಓದುವ ಹುಡುಗರಿಗೂ ಮಾರುತ್ತಿದ್ದರು. ಮನೆಯಲ್ಲಿ ಅರವತ್ತರ ಆಸುಪಾಸಿನ ಅತ್ತೆ, ಮನೆಗಳಿಗೆ ಟೈಲ್ಸ್ ಹಾಕುವ ಮಗ, ಸೊಸೆ, ಸೊಸೆಯ ಎಂಟು ತಿಂಗಳ ಹೆಣ್ಣು ಕೂಸು. ಈ ಹಿರಿಯಾಕೆಯನ್ನು ಅಜ್ಜಿ ಎನ್ನುತ್ತೇನೆ, ಕೂಸಿಗೆ ಅಜ್ಜಿಯಾದ್ದರಿಂದ. ಸೊಸೆಯ ತವರು ಕೆಂಗೇರಿಯಲ್ಲಿ. ಅಲ್ಲಿ ಅವಳ ಅಣ್ಣ ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ. ಅವನ ಹೆಂಡತಿ ಈ ಅಜ್ಜಿಯ ಮಗಳು. ಎರಡು ಮದುವೆಯೂ ಒಂದೇ ಹಂದರದಲ್ಲಿ ಒಂದೇ ದಿನ ಆಗಿದ್ದವು. “ನಾವು ಸಾಟಿ ಮಾಡೇವಿ” ಎಂದು ಅಜ್ಜಿ ಹೇಳಿದಾಗ, ಅದಲು ಬದಲಿಗೆ ಅವರ ಕಡೆಯ ಆ ಹೆಸರನ್ನು ನಾನು ಆಸೆಯಿಂದ ಬರೆದುಕೊಂಡೆ. ಎರಡೂ ಕಡೆಯ ಮನೆಗಳು ಒಂದು ಬಸ್ಸಿನಷ್ಟು ದೂರದಲ್ಲಿ ಸಿಗುವುದು ಅಪರೂಪ.

ಅಲ್ಲಿಗೆ ವಾರಕ್ಕೆರಡು ಸಲದಂತೆ ಹೋದೆ. ಅತ್ತೆ ಸೊಸೆ ಎದುರುಬದುರು ಕೂತು ರೊಟ್ಟಿ ಬಡಿಯುವರು. ಇಬ್ಬರ ಸದ್ದೂ ಬೇರೆ ಬೇರೆ: ಅಜ್ಜಿಯದು ಬಿರುಸು, ಸೊಸೆಯದು ಸ್ವಲ್ಪ ನಿಧಾನ. ಟೇಪಿನಲ್ಲಿ ಮಾತಿಗಿಂತ ಹೆಚ್ಚಾಗಿ ಈ ಸದ್ದೇ ಇದೆ. ಸೊಸೆ ಕಡಿಮೆ ಮಾತಿನವಳು. ಕೂಸು ಅತ್ತರೆ ಹಿಟ್ಟಿನ ಕೈ ತೊಳೆದು, ಗೋಡೆಯ ಕಡೆ ತಿರುಗಿ ಹಾಲು ಕೊಟ್ಟು, ಮತ್ತೆ ಬಂದು ಬಡಿಯುತ್ತಿದ್ದಳು.

ಅಜ್ಜಿಗೆ ಅಕ್ಷರ ಬಾರದು. ಆದರೆ ಚಾರ್ಟು ಎಂದರೆ ಭಾರಿ ಕುತೂಹಲ. ನಾನು ಪೆನ್ಸಿಲಿನಲ್ಲಿ ತ್ರಿಕೋನ, ಸೊನ್ನೆ ಬರೆಯುತ್ತಿದ್ದರೆ ಮೊಣಕಾಲೂರಿ ನೋಡುವರು.

“ಗಂಡಸರಿಗೆ ಮೂರು ಮೂಲಿ, ಹೆಣ್ಣಮಕ್ಕಳು ರೊಟ್ಟಿ ಹಂಗ ಗುಂಡಗ. ಯಾರವ್ವ ಇದನ್ನ ಹುಡುಕ್ಯಾರ? ಗಂಡನ ಕೂಡ ಬಾಳೇ ಮಾಡಿದಾಕಿನ ಇರಬೇಕು.”

ಸೊಸೆ ನಕ್ಕಳು. ಅವಳು ನಕ್ಕದ್ದು ನನಗೆ ನೆನಪಿರುವುದು ಅದೊಂದೇ ಸಲ.

ಅಜ್ಜಿಯ ಅಕ್ಕನನ್ನು ಬರೆಯುವಾಗ, ಆಕೆಯ ಗಂಡ ಮದುವೆಯಾದ ವರ್ಷದಲ್ಲೇ ಬಿಟ್ಟುಹೋದನೆಂದು ಅಜ್ಜಿ ಹೇಳಿದರು. ನಾನು ಸಮ ಚಿಹ್ನೆಯ ಮೇಲೆ ಎರಡು ಗೀಟು ಹಾಕಿ ಅದರ ಅರ್ಥ ಹೇಳಿದೆ. ಅಜ್ಜಿ ಬೆರಳನ್ನು ಅದರ ಮೇಲಿಟ್ಟರು. “ಇಷ್ಟ ಸಣ್ಣದ ಗೀಟು” ಎಂದರು. ಮೂರು ಭೇಟಿಗಳಲ್ಲಿ ಅವರು ಇಡೀ ಹಾಳೆಯನ್ನು ನನ್ನ ಸಹಾಯವಿಲ್ಲದೆ ಓದುತ್ತಿದ್ದರು. ಅದು ನನಗೆ ಹೆಮ್ಮೆಯ ಸಂಗತಿಯಾಗಿತ್ತು, ಡೈರಿಯಲ್ಲಿ ಬರೆದುಕೊಂಡಿದ್ದೇನೆ.

ಆಮೇಲೆ ಕೆಂಗೇರಿ. ಎರಡು ಸಲ ಹೋದಾಗಲೂ ಮನೆಯಲ್ಲಿ ಇದ್ದದ್ದು ಪಾಲಿಶ್ ಕೆಲಸದವನೊಬ್ಬನೇ. ಹೆಂಡತಿ ಗಾರ್ಮೆಂಟ್ಸಿಗೆ ಹೋಗಿದ್ದಾಳೆ ಎಂದ. ಮೂರನೆಯ ಸಲ ಭಾನುವಾರವೂ ಅದನ್ನೇ ಹೇಳಿದ. ಪಕ್ಕದ ಮನೆಯಾಕೆ ನನ್ನನ್ನು ಕರೆದು, ಅವಳು ಇಲ್ಲಿರುವುದಿಲ್ಲ, ಎರಡು ಸ್ಟಾಪು ಮುಂದೆ ಕೆಲಸದ ಹುಡುಗಿಯರ ಜೊತೆ ಖೋಲಿಯಲ್ಲಿದ್ದಾಳೆ ಎಂದು ದಾರಿ ಹೇಳಿದರು.

ಅಜ್ಜಿಯ ಮಗಳನ್ನು ನಾನು ಕಂಡದ್ದು ಆ ಖೋಲಿಯಲ್ಲಿ. ಬಟ್ಟೆ ಒಗೆಯುತ್ತಿದ್ದಳು. ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಒದ್ದೆ ಬಟ್ಟೆ ಹಿಂಡುವಾಗ ಅದೊಂದು ಬೆರಳು ನೆಟ್ಟಗೆ ನಿಂತಿರುತ್ತಿತ್ತು. ಹೇಗಾಯಿತೆಂದು ನಾನು ಕೇಳಲಿಲ್ಲ, ಗಂಡ ಹೊಡೆದಾಗ ಆದದ್ದೆಂದು ಅವಳೇ ಹೇಳಿದಳು. ಗಂಡನ ಮನೆ ಬಿಟ್ಟು ಐದು ತಿಂಗಳಾಗಿತ್ತು. ತವರಿಗೆ ತಿಳಿಸಿರಲಿಲ್ಲ. ವಿಚಿತ್ರವೆಂದರೆ ಗಂಡನೂ ತಿಳಿಸಿರಲಿಲ್ಲ. ತಿಳಿದರೆ ಬ್ಯಾಡರಹಳ್ಳಿಯಲ್ಲಿರುವ ಅವನ ತಂಗಿಯ ಸಂಸಾರಕ್ಕೆ ಕುತ್ತು. ಪಂಚಮಿ ಹಬ್ಬಕ್ಕೆ ಇಬ್ಬರೂ ಒಂದೇ ಬಸ್ಸು ಹತ್ತಿ ಬ್ಯಾಡರಹಳ್ಳಿಗೆ ಹೋಗಿ, ಗಂಡ ಹೆಂಡತಿಯ ಹಾಗೆ ಅಕ್ಕಪಕ್ಕ ಕೂತು ಹೋಳಿಗೆ ಉಂಡು, ಮರಳಿ ಕೆಂಗೇರಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಒಂದು ಮಾತಾಡದೆ ಅವನು ಆ ಕಡೆ ಇವಳು ಈ ಕಡೆ ನಡೆದಿದ್ದರು.

“ನಾ ಅವ್ವನ ಮನಿಗೆ ಹೋದ್ರ ನಮ್ಮ ವೈನಿ ಇಲ್ಲಿಗೆ ಬರಬೇಕಾಕ್ಕೈತ್ರಿ” ಎಂದಳು. ವೈನಿ ಎಂದರೆ ಅಣ್ಣನ ಹೆಂಡತಿ. “ಎದಿಹಾಲು ಕುಡಿಯೋ ಕೂಸೈತಿ. ಆಕಿ ಏನ್ ತಪ್ಪು ಮಾಡ್ಯಾಳ? ಬ್ಯಾಡರಹಳ್ಳ್ಯಾಗ ಹೇಳಬ್ಯಾಡ್ರಿ ಅಕ್ಕಾರ.”

ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಬಸ್ಸಿನಲ್ಲಿ ಬರುವಾಗ, ಐದು ಕಾರ್ಡುಗಳಲ್ಲಿ ಎಲ್ಲೂ ಇಲ್ಲದ ಸಂಗತಿ ಸಿಕ್ಕಿತಲ್ಲ ಎಂದು ಉತ್ಸಾಹವಾಗಿತ್ತು. ಇದನ್ನು ಬಿಟ್ಟು ಬರೆಯಬಹುದಿತ್ತು. ಆದರೆ ಡೈರಿಯಲ್ಲಿ ‘ಒಳ್ಳೆಯ ದಿನ’ ಎಂದಿದೆ.

ಮೇಡಂ ಎರಡೂ ಮನೆಗಳನ್ನು ಒಂದೇ ಹಾಳೆಯಲ್ಲಿ ತರಲು ಹೇಳಿದರು. ಅದಲು ಬದಲು ಒಂದೇ ನೋಟಕ್ಕೆ ಕಾಣಬೇಕಲ್ಲ. ಟ್ರೇಸಿಂಗ್ ಹಾಳೆಯ ಮೇಲೆ ಡ್ರಾಯಿಂಗ್ ಪೆನ್ನಿನಿಂದ ಮಸಿಯಲ್ಲಿ ಹಾಕಿದೆ. ಎಡಕ್ಕೆ ಬ್ಯಾಡರಹಳ್ಳಿ, ಬಲಕ್ಕೆ ಕೆಂಗೇರಿ, ನಡುವೆ ಎರಡು ಸಮ ಚಿಹ್ನೆ. ಕೆಂಗೇರಿಯ ಜೋಡಿಯ ಮೇಲೆ ಮೂಲೆಮಟ್ಟ ಹಿಡಿದು ಎರಡು ಗೀಟು ಎಳೆದೆ. ಅವು ಎಷ್ಟು ಸಮಾನಾಂತರವಾಗಿ ಬಂದವೆಂದರೆ ಪಕ್ಕದ ಮೇಜಿನವಳನ್ನು ಕರೆದು ತೋರಿಸಿದ್ದೆ.

ಆ ಹಾಳೆಯನ್ನೇ ಯಾಕೆ ಬ್ಯಾಡರಹಳ್ಳಿಗೆ ಒಯ್ದೆ? ಓದಿ ತೋರಿಸಬೇಕೆಂಬ ನಿಯಮವಿತ್ತು, ಅದು ಒಂದು ಉತ್ತರ. ಪೆನ್ಸಿಲಿನ ಹಳೆಯ ಹಾಳೆಯನ್ನು ಒಯ್ದಿದ್ದರೂ ಆಗುತ್ತಿತ್ತು. ಮಾತು ಕೊಟ್ಟದ್ದು ಹೇಳುವುದಿಲ್ಲ ಎಂದು; ನಾನು ಹೇಳಲೂ ಇಲ್ಲ. ಆ ಮನೆಯಲ್ಲಿ ಅಕ್ಷರ ಬರುವವರು ಮಗನೊಬ್ಬನೇ, ಅವನು ಕೆಲಸಕ್ಕೆ ಹೋಗಿರುತ್ತಾನೆ ಎಂದು ಲೆಕ್ಕ ಹಾಕಿದ್ದೆನೇನೋ. ಅಕ್ಷರವಿಲ್ಲದ ಹಾಳೆಯನ್ನು ಓದಲು ಕಲಿಸಿದ್ದು ನಾನೇ ಎಂಬುದು ಮನಸ್ಸಿಗೆ ಬರಲಿಲ್ಲ.

ಅಜ್ಜಿ ಎಡದಿಂದ ಶುರು ಮಾಡಿದರು. ಅಪ್ಪ, ಅವ್ವ, ಅಕ್ಕ, ಅಕ್ಕನ ಎರಡು ಗೀಟು. ತಮ್ಮ ಗಂಡ, ಅವನ ಮೇಲೆ ಒಂದು ಗೀಟು. ಮಗ, ಸೊಸೆ, ಕೂಸಿನ ಸೊನ್ನೆ. “ಇಷ್ಟ ದೊಡ್ಡದ ಬರದೀಯಲ್ಲ ನಮ್ಮ ಕೂಸಿನ್ನ, ಬೆಳದ ಬಿಟ್ಟಾಳ” ಎಂದು ತಮಾಷೆ ಮಾಡಿದರು. ಬೆರಳು ಬಲಕ್ಕೆ ಸರಿಯಿತು. ಮಗಳು, ಅಳಿಯ. ಅಲ್ಲಿ ನಿಂತಿತು.

“ಇದು ನಮ್ಮಕ್ಕನ ಗೀಟ ಅಲ್ಲೇನು, ತಂಗಿ? ನನ್ನ ಮಗಳ ಮ್ಯಾಲ ಯಾಕ ಬಂತು?”

ಕೈತಪ್ಪಿ ಬಿದ್ದಿದೆ ಅಮ್ಮ, ಅಳಿಸ್ತೀನಿ ಎಂದು ನಾನು ತಕ್ಷಣ ಹೇಳಿದೆ. ಹೀಗೆಂದೇ ಬಹಳ ದಿನ ನಂಬಿದ್ದೆ. ಟೇಪು ಓಡುತ್ತಿತ್ತು. ಅದರಲ್ಲಿ ನನ್ನ ದನಿಯಿಲ್ಲ. ಅಜ್ಜಿಯ ಪ್ರಶ್ನೆಯಿದೆ, ರೊಟ್ಟಿ ಬಡಿಯುವ ಸದ್ದು ನಿಲ್ಲುತ್ತದೆ, ಹೊರಗೆ ಯಾರೋ ಬೈಕು ಚಾಲೂ ಮಾಡಲು ಒದೆಯುತ್ತಿದ್ದಾರೆ, ಐದಾರು ಸಲ ಒದ್ದ ಮೇಲೆ ಅದು ಹೊರಟುಹೋಗುತ್ತದೆ. ಆಮೇಲೆ ಅಜ್ಜಿ ಸೊಸೆಗೆ, “ಹಂಚು ಕಾದೈತಿ ನೋಡು” ಎನ್ನುತ್ತಾರೆ. ಮತ್ತೆ ಬಡಿಯುವ ಸದ್ದು ಶುರುವಾಗುತ್ತದೆ, ಒಂದೇ ಕೈಯದು.

ಸೊಸೆ ಕೂಸನ್ನು ಎತ್ತಿಕೊಂಡು ಒಳಗೆ ಹೋಗಿದ್ದಳು. ಹೋಗುವ ಮುಂಚೆ ನನ್ನನ್ನು ಒಂದು ಸಲ ನೋಡಿದಳು. ಅವಳಿಗೆ ಎಲ್ಲ ಮೊದಲೇ ಗೊತ್ತಿತ್ತು, ಅಣ್ಣ ಹೇಳಿದ್ದ, ಅವಳೂ ಮುಚ್ಚಿಟ್ಟು ಬದುಕಿದ್ದಳು ಎಂದು ನನಗೆ ಅನಿಸಿದ್ದು ಆಗ. ಅದನ್ನು ಖಚಿತ ಮಾಡಿಕೊಳ್ಳುವ ಧೈರ್ಯ ಕೊನೆಯವರೆಗೂ ಬರಲಿಲ್ಲ.

ಮರುದಿನ ಮೇಡಂಗೆ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ನೀನು ಹೇಳದಿದ್ದರೂ ಇವತ್ತಲ್ಲ ನಾಳೆ ತಿಳಿಯುತ್ತಿತ್ತು, ಇನ್ನು ಮಧ್ಯೆ ಬೀಳಬೇಡ, ಬಿದ್ದರೆ ಅದು ಅಧ್ಯಯನವಾಗುವುದಿಲ್ಲ ಎಂದರು. ಕೇಂದ್ರದ ಕೆಳಗಿನ ಎಸ್‌ಟಿಡಿ ಬೂತಿನಿಂದ ಹೆಂಗಸರ ನೆರವಿನ ಒಂದು ಸಂಸ್ಥೆಗೆ ಫೋನು ಮಾಡಿದೆ. ಅತ್ತಲಿನಾಕೆ ತಾಳ್ಮೆಯಿಂದ ಕೇಳಿದರು. ಬ್ಯಾಡರಹಳ್ಳಿಯ ಸೊಸೆಗೆ ಯಾರಾದರೂ ಹೊಡೆದಿದ್ದಾರಾ? ಇಲ್ಲ. ಅವಳು ದೂರು ಕೊಡುತ್ತಾಳಾ? ಇಲ್ಲ. ಅವಳನ್ನು ಎಲ್ಲಿಗೆ ಕಳಿಸುತ್ತಾರೆ ಅಂತ ನಿಮಗೆ ಭಯ? ತವರಿಗೆ. ಅವರು, “ತವರಿಗೆ ಕಳ್ಸೋದನ್ನ ಏನಂತ ಬರ್ಕೊಳ್ಲಿ ಮೇಡಂ?” ಎಂದರು. ಕೆಂಗೇರಿಯಾಕೆ ಬಂದರೆ ಅವಳ ಕೇಸು ತಗೊಳ್ತೀವಿ ಎಂದೂ ಹೇಳಿದರು. ಅದನ್ನು ಅವಳಿಗೆ ಮುಟ್ಟಿಸಿದೆ. ಬರುವುದಿಲ್ಲ ಎಂದಳು, ಕೇಸಾದರೆ ಮುರಿಯುವುದು ತನ್ನದೊಂದೇ ಸಂಸಾರವಲ್ಲ ಎಂದಳು.

ಐದನೆಯ ದಿನ ಬ್ಯಾಡರಹಳ್ಳಿಗೆ ಹೋದೆ. ಬೀದಿಯ ತಿರುವಿನಲ್ಲೇ ಒಂದೇ ರೊಟ್ಟಿಯ ಸದ್ದು ಕೇಳಿತು. ಅಷ್ಟರಲ್ಲಿ ಅಜ್ಜಿ ಕೆಂಗೇರಿಗೆ ಹೋಗಿ ಮಗಳ ಖೋಲಿ ನೋಡಿ ಬಂದಿದ್ದರು. ಮನೆಗೆ ಬಾ ಎಂದು ಕರೆದಿದ್ದರು, ಮಗಳು ಬಂದಿರಲಿಲ್ಲ. ಮಾರನೆಯ ಬೆಳಿಗ್ಗೆ ಮಗನೇ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ಅವಳ ಅಣ್ಣನ ಮನೆಯ ಬಾಗಿಲಲ್ಲಿ ಇಳಿಸಿ ಬಂದಿದ್ದ. ಕೂಸನ್ನು ಕಳಿಸಿರಲಿಲ್ಲ. ಮಕ್ಕಳು ತಂದೆಯ ಮನೆಯವು. ಇದೂ ನನ್ನ ಕಾರ್ಡುಗಳಲ್ಲಿ ಇತ್ತು.

ಕೂಸು ಬಾಟಲಿ ಹಿಡಿಯುತ್ತಿರಲಿಲ್ಲ. ಅಜ್ಜಿ ಬಟ್ಟೆಯ ತುದಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟರೆ ಒಂದು ಗುಟುಕು ಹೀರಿ, ಮೋಸವಾದದ್ದು ತಿಳಿದು, ಮುಖ ತಿರುಗಿಸಿ ಅಳುತ್ತಿತ್ತು. ಮಗ ಕೆಲಸಕ್ಕೆ ಹೋಗದೆ ಹೊಸ್ತಿಲಲ್ಲಿ ಕೂತಿದ್ದ. ಕಳಿಸದೆ ಇರಬಹುದಿತ್ತಲ್ಲ ಎಂದು ಕೇಳಿದೆ.

“ಒಡಹುಟ್ಟಿದಾಕಿ ಮಂದಿ ಖೋಲ್ಯಾಗ ಇರಬೇಕಾದ್ರ ನಾ ಹೆಂಡ್ತಿ ಮಗ್ಗಲಿಗೆ ಕುಂತು ಉಣ್ಣಲೇನ್ರಿ?” ಎಂದು ಎದ್ದು ಹೋದ.

ಅಜ್ಜಿ ಆವತ್ತಿನಿಂದ ನನ್ನನ್ನು ತಂಗಿ ಎನ್ನುವುದು ಬಿಟ್ಟಿದ್ದರು. “ನಾ ಸಿಟ್ಟಿಲೆ ಕಳಿಸಿಲ್ರಿ ಮೇಡಂ” ಎಂದರು. “ಈಕಿನ್ನ ಇಟಗೊಂಡ್ರ ಅಲ್ಲಿ ಏನಂತಾರ? ಹೊಡದ್ರೂ ಇವರು ಸುಮ್ಮನಿರ್ತಾರ ಅಂತಾರ. ನಾ ಪೊಲೀಸರ ಕಡೆ ಹೋಗಾಕಿ ಅಲ್ಲ, ವಕೀಲರ ಕಡೆ ಹೋಗಾಕಿ ಅಲ್ಲ. ನನ್ನ ಮಗಳ ಸಲುವಾಗಿ ನನ್ನ ಕೈಯಾಗ ಇರೋದು ಈ ಸೊಸಿ ಒಬ್ಬಾಕಿನ.” ಹೇಳುತ್ತ ಕೂಸಿನ ಬೆನ್ನು ತಟ್ಟುತ್ತಿದ್ದರು. ತಟ್ಟುವಾಗಲೂ ರೊಟ್ಟಿಯದೇ ಲಯ.

ಪುಸ್ತಕಗಳು ಇದನ್ನೇ ಒಂದು ಮದುವೆ ಇನ್ನೊಂದಕ್ಕೆ ಜಾಮೀನು ಎಂದು ಹೇಳಿದ್ದವು.

ಮರುದಿನ ಕೇಂದ್ರದಲ್ಲಿ ಕೂತು ಇಡೀ ಚಾರ್ಟನ್ನು ಮತ್ತೊಂದು ಹಾಳೆಯ ಮೇಲೆ ಹೊಸದಾಗಿ ಹಾಕಿದೆ, ಎರಡು ಗೀಟು ಬಿಟ್ಟು. ಮೇಡಂಗೆ ಹೇಳಲಿಲ್ಲ. ಆ ಹಾಳೆ ಹಿಡಿದು ಬ್ಯಾಡರಹಳ್ಳಿಗೆ ಹೋಗಿ, ಅವತ್ತು ನನ್ನಿಂದ ತಪ್ಪಾಗಿತ್ತು ಎಂದೆ. ಸುಳ್ಳು ಹೇಳುವ ಕಾಲ ಮುಗಿದ ಮೇಲೆ ಸುಳ್ಳು ಹೇಳುತ್ತಿದ್ದೇನೆಂದು ನನಗೂ ಗೊತ್ತಿತ್ತು. ಅಜ್ಜಿ ಹಾಳೆಯನ್ನು ಮುಟ್ಟಲಿಲ್ಲ.

“ಗೀಟು ತಗದ್ರಿ. ಆಕಿ ಖೋಲಿ ನಾ ಕಣ್ಣಿಲೆ ನೋಡಿ ಬಂದೀನಲ್ರಿ. ಅದನ್ನ ಹೆಂಗ ತಗೀತೀರಿ?”

ಅಲ್ಲಿಂದ ನೇರ ಕೆಂಗೇರಿಗೆ ಹೋದೆ. ಅಜ್ಜಿಯ ಮಗಳ ಕ್ಷಮೆ ಕೇಳಬೇಕಿತ್ತು. ಗಾರ್ಮೆಂಟ್ಸ್ ಬಿಟ್ಟು ಬರುವವರೆಗೆ ಖೋಲಿಯ ಮೆಟ್ಟಿಲ ಮೇಲೆ ಕಾದೆ. ಬಂದವಳು ನನ್ನನ್ನು ಕಂಡು ಬೈಯಲಿಲ್ಲ. ಬೀಗ ತೆಗೆದು, ಕುಡಿಯಲು ನೀರು ಕೊಟ್ಟಳು. ನನ್ನ ಕ್ಷಮೆಯ ಮಾತನ್ನು ಅರ್ಧಕ್ಕೇ ತಡೆದಳು. ವೈನಿಗೆ ಎದೆ ಕಟ್ಟಿಕೊಂಡು ಜ್ವರ ಬಂದಿದೆಯಂತೆ, ಪಕ್ಕದ ಮನೆಯವರು ಹೇಳಿದರು ಎಂದಳು. ಆಮೇಲೆ ಕೇಳಿದಳು:

“ಕೂಸು ಬಾಟ್ಲಿ ಹಿಡೀತೇನ್ರಿ ಅಕ್ಕಾರ?”

ಹಿಡಿದಿದೆ ಎನ್ನಬಹುದಿತ್ತು. ಅವತ್ತೇ ಬ್ಯಾಡರಹಳ್ಳಿಯಲ್ಲಿ ನಾನು ಸುಳ್ಳು ಹೇಳಿದ್ದೆ, ಸುಳ್ಳಿನ ಹಾಳೆ ಇನ್ನೂ ಬಗಲಲ್ಲಿತ್ತು. ಕೂಸು ಎರಡು ದಿನ ಅತ್ತು ಮೂರನೆಯ ದಿನ ಹಿಡಿದೀತೆಂದು ಯೋಚಿಸಬಹುದಿತ್ತು. ಎಷ್ಟೋ ಕೂಸುಗಳು ಹಿಡಿಯುತ್ತವೆ, ನಾನೂ ಹಿಡಿದಿದ್ದೆನಂತೆ. ಆದರೆ “ಇಲ್ಲ” ಎಂದೆ.

ಅವಳು ತಲೆಯಾಡಿಸಿದಳು. ಬಕೆಟ್ಟಿನಲ್ಲಿ ನೆನೆಹಾಕಿದ್ದ ಬಟ್ಟೆ ಒಗೆಯಲು ಕೂತಳು. ನಾನು ಹೊರಟಾಗ ಹುಷಾರಾಗಿ ಹೋಗ್ರಿ ಎಂದಳು.

ಆ ‘ಇಲ್ಲ’ ಕ್ಯಾಸೆಟ್ಟಿನಲ್ಲಿಲ್ಲ, ಡೈರಿಯಲ್ಲೂ ಇಲ್ಲ. ಈ ಬರಹದಲ್ಲಿ ನನಗೆ ಸ್ವಲ್ಪವೂ ಅನುಮಾನವಿಲ್ಲದ ವಿವರ ಅದೊಂದೇ. ಯಾಕೆ ಹೇಳಿದೆನೆಂಬುದು ಮಾತ್ರ ಖಚಿತವಿಲ್ಲ. ನಿಜ ಹೇಳಬೇಕೆಂದು ಹೇಳಿದೆನೇ, ಕೂಸಿಗಾಗಿ ಹೇಳಿದೆನೇ, ಅಥವಾ ನನ್ನಿಂದ ಕೆಟ್ಟದ್ದು ಯಾರಿಂದಲಾದರೂ ಸರಿಹೋಗಿಬಿಡಲಿ ಎಂದು ಹೇಳಿದೆನೇ. ಮೂರನೆಯದೇ ಇರಬೇಕು.

ಎರಡು ದಿನದ ನಂತರ ಅವಳು ಟ್ರಂಕು ಹೊತ್ತುಕೊಂಡು ಗಂಡನ ಮನೆಗೆ ಮರಳಿದಳು. ಅವಳು ಹೊಸ್ತಿಲು ದಾಟಿದ ಸಂಜೆಯೇ ಸೊಸೆಯನ್ನು ಬ್ಯಾಡರಹಳ್ಳಿಗೆ ಕರೆತಂದರು. ಒಬ್ಬಳು ಒಳಗೆ ಹೋಗಲು, ಒಬ್ಬಳು ಹೊರಗೆ ಬರಲು ಅದೇ ಬಾಗಿಲು. ಇಬ್ಬರೂ ಅಲ್ಲಿ ಏನು ಮಾತಾಡಿಕೊಂಡರೋ, ಯಾರೂ ನನಗೆ ಹೇಳಲಿಲ್ಲ.

ವಾರ ಕಳೆದು ಕೊನೆಯ ಸಲ ಬ್ಯಾಡರಹಳ್ಳಿಗೆ ಹೋದೆ. ಬೀದಿಯ ತಿರುವಿನಲ್ಲಿ ಎರಡು ಸದ್ದು ಕೇಳಿದವು. ಕೂಸು ಸೊಸೆಯ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು. ಅವಳು ಅದನ್ನು ಕೆಳಗಿಳಿಸದೆ ಹಾಗೇ ರೊಟ್ಟಿ ಬಡಿಯುತ್ತಿದ್ದಳು. ತಟ್ಟೆಯಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ನನ್ನ ಕಡೆ ಸರಿಸಿದಳು, ಮುಖ ನೋಡಲಿಲ್ಲ. ತಿಂದೆ. ಮಗಳು ಹೇಗಿದ್ದಾಳೆ ಎಂದು ನಾನು ಕೇಳಿದ್ದಕ್ಕೆ ಅಜ್ಜಿ, “ಅದಾಳ” ಎಂದರು.

ಮೇಡಂ ಸಮಾಧಾನಪಟ್ಟರು. ಎರಡೂ ಮದುವೆ ಉಳಿದವಲ್ಲ ಎಂದರು. ಆ ಮಾತಿನಲ್ಲಿ ತಪ್ಪು ಹುಡುಕಲು ನನ್ನಿಂದಾಗಲಿಲ್ಲ. ವರದಿಗೆ ಹೋಗುವುದು ಮೂಲ ಹಾಳೆಯೇ, ಅದರಲ್ಲಿ ಗೀಟು ತೆಗೆಯಬೇಕು ಎಂದರು. ಈಗ ಅವರು ಒಟ್ಟಿಗಿದ್ದಾರೆ, ಚಾರ್ಟು ಈಗಿನದನ್ನು ಹೇಳಬೇಕು. ಟ್ರೇಸಿಂಗ್ ಹಾಳೆಯ ಮಸಿ ರಬ್ಬರಿಗೆ ಹೋಗುವುದಿಲ್ಲ, ಬ್ಲೇಡಿನಿಂದ ಕೆರೆಯಬೇಕು. ಹಾಳೆ ಹರಿಯದಂತೆ ಓರೆಯಾಗಿ ಹಿಡಿದು ಕೆರೆದೆ. ಅರ್ಧ ಗಂಟೆ ಬೇಕಾಯಿತು. ಗೀಟು ಹೋಯಿತು. ಹಾಳೆಯನ್ನು ಕಿಟಕಿಗೆ ಹಿಡಿದರೆ ಅಲ್ಲಿ ಮಾತ್ರ ಬೆಳಕು ಹೆಚ್ಚು ಬರುತ್ತಿತ್ತು.

ಅದನ್ನು ಫೈಲಿಗೆ ಹಾಕುವಾಗ ನಮ್ಮ ಮನೆಯ ಹಾಳೆ ಕೈಗೆ ಬಂತು. ವಾಸದ ಅಂಕಣದಲ್ಲಿ ಅಮ್ಮನ ಹೆಸರಿನ ಮುಂದೆ ನಾನು ಬರೆದಿದ್ದೆ: ‘ತವರು, ನಾಲ್ಕು ತಿಂಗಳು, ಕಾಮಾಲೆ.’ ಅತ್ತೆಯ ಹೆಸರಿನ ಮುಂದೆ, ಅವೇ ತಿಂಗಳುಗಳಿಗೆ: ‘ತವರು. ಮಗುವನ್ನು ನೋಡಿಕೊಳ್ಳಲು.’ ಎರಡು ಸಾಲೂ ನನ್ನದೇ ಕೈಬರಹ. ಒಂದರ ಕೆಳಗೊಂದು ಇದ್ದವು. ಮೇಡಂ ನಕ್ಕ ದಿನ ನಾನೂ ನಕ್ಕು ಆ ಹಾ‍ಳೆಯನ್ನು ಮಡಚಿಟ್ಟಿದ್ದೆ.

ಅಮ್ಮನನ್ನು ಕೇಳಿದೆ. “ಕಾಮಾಲೆನೇ ಕಣೇ. ಬೇಕಾದ್ರೆ ಔಷಧಿ ಕೊಟ್ಟೋರನ್ನ ಕೇಳು” ಎಂದಳು. ಔಷಧಿ ಕೊಟ್ಟವರು ನಾನು ಶಾಲೆಗೆ ಸೇರುವ ಮೊದಲೇ ತೀರಿಹೋಗಿದ್ದರು. ಹಾಗೆಂದಾಗ, ಮತ್ತೆ ಯಾಕೆ ಕೇಳ್ತೀಯ ಎಂದು ಒಳಗೆ ಹೋದಳು.

ಅತ್ತೆಯನ್ನು ಕೇಳಲು ಇನ್ನೂ ಮೂರು ವರ್ಷ ಬೇಕಾಯಿತು. ಅಷ್ಟರಲ್ಲಿ ಮಾವ ಹೋಗಿ ವರ್ಷ ತುಂಬಿತ್ತು. ಇನ್ನು ಯಾರಿಗೆ ಅಂಜಬೇಕು ಎಂದುಕೊಂಡೇ ಹೋದೆ. ಅವರೆಕಾಯಿಯ ಕಾಲ. ಬಸವೇಶ್ವರನಗರದ ಮನೆಯ ಜಗಲಿಯಲ್ಲಿ ಅತ್ತೆ ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ನಾನೂ ಕೂತು ಹಿಸುಕತೊಡಗಿದೆ. ಬ್ಯಾಡರಹಳ್ಳಿಯ ಕಥೆಯನ್ನು ಹೆಸರಿಲ್ಲದೆ ಹೇಳಿದೆ, ಗೀಟಿನಿಂದ ಹಿಡಿದು ಟ್ರಂಕಿನವರೆಗೆ. ಅತ್ತೆ ನಡುವೆ ಎಲ್ಲೂ ‘ಅಯ್ಯೋ’ ಎನ್ನಲಿಲ್ಲ. ಕೊನೆಗೆ, “ಆ ಹುಡುಗಿ ಬೆರಳು ಸರಿಹೋಯ್ತಾ?” ಎಂದು ಮಾತ್ರ ಕೇಳಿದರು. ಗೊತ್ತಿಲ್ಲ ಎಂದೆ. ಆಮೇಲೆ ನನ್ನ ಪ್ರಶ್ನೆ ಕೇಳಿದೆ. ಅವರು ಸಿಪ್ಪೆಯ ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದರು. ಹೊರಬರುವಾಗ ಕಾಫಿ ತಂದಿದ್ದರು, ಬೇರೆ ಮಾತು ತೆಗೆದರು. ಅತ್ತೆ ಈಗಲೂ ಇದ್ದಾರೆ. ಪ್ರತಿ ವರ್ಷ ಹಿಸುಕಿದ ಬೇಳೆಯನ್ನು ಡಬ್ಬಿಯಲ್ಲಿ ಹಾಕಿ ಕಳಿಸುತ್ತಾರೆ. ನಾನು ಅವತ್ತು ಕೇಳಿದ್ದು, ಪದಗಳು ಹಿಂದುಮುಂದಾಗಿರಬಹುದು, ಇಷ್ಟು:

“ಅತ್ತೆ, ಆಗ ನೀವು ಮಾವನ ಮನೆಗೆ ವಾಪಸ್ ಹೋಗಿದ್ದು ನಿಮಗೇ ಹೋಗ್ಬೇಕು ಅನ್ಸಿ ಹೋಗಿದ್ದಾ, ಇಲ್ಲಾ ನಾನು ಹಾಲಿಗೆ ಅಳ್ತಿದ್ದೆ ಅಂತ ಹೋಗಿದ್ದಾ?”